ದುರ್ಗದಲ್ಲಿ ಅರ್ಧ ದಿನ: ಗುಡ್ಡ ಮೊದಲೋ, ಮ್ಯೂಸಿಯಂ ಮೊದಲೋ?

ವಿದ್ಯಾನಗರದವಳು, ದಾವಣಗೆರೆ

ಭಾನುವಾರ ಚಿತ್ರದುರ್ಗಕ್ಕೆ ಹೋಗೋಣ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ನಾನು, ನಮ್ಮವರು, ಐದನೇ ಕ್ಲಾಸಿನ ಮಗ, ಅತ್ತೆ. ಅತ್ತೆಗೆ ಮಂಡಿ ನೋವು, ಆದರೆ ಬಿಟ್ಟು ಹೋಗುತ್ತೇವೆ ಅಂದರೆ ಒಪ್ಪುವವರಲ್ಲ. ಮಗನಿಗೆ ಓಬವ್ವನ ಕಿಂಡಿ ಒಂದು ಬಿಟ್ಟರೆ ಬೇರೇನೂ ಬೇಡ. ನನಗೆ ಈ ಸಲ ಮ್ಯೂಸಿಯಂ ನೋಡುವ ಆಸೆ. ಸ್ಕೂಲ್ ಟೂರಲ್ಲಿ ಬಂದಾಗ ಬಸ್ ಇಳಿದು ಕೋಟೆ ಹತ್ತಿದ್ದು, ಕೋಟೆ ಇಳಿದು ಬಸ್ ಹತ್ತಿದ್ದು, ಅಷ್ಟೇ ನೆನಪು.

ಮಧ್ಯಾಹ್ನ ಮೂರಕ್ಕೆ ವಾಪಸ್ ಹೊರಡಬೇಕು. ಇಡೀ ಕೋಟೆ ಸುತ್ತಲು ಟೈಮ್ ಇಲ್ಲ, ಶಕ್ತಿಯೂ ಇಲ್ಲ. ಸಣ್ಣದಾಗಿ ಗುಡ್ಡ ಹತ್ತಿ ಇಳಿದ ಹಾಗೂ ಆಗಬೇಕು, ಮ್ಯೂಸಿಯಂ ಕೂಡ ಆಗಬೇಕು. ಯಾವುದು ಮೊದಲು ಇಟ್ಟುಕೊಳ್ಳಲಿ? ಕೋಟೆಯಲ್ಲಿ ಎಲ್ಲಿಯವರೆಗೆ ಹೋಗಿ ಬಂದರೆ ಸಾಕು? ಗೊತ್ತಿರುವವರು ಹೇಳಿ.

ಬೆಳಗಿನ ವಾಕಿಂಗ್, ದುರ್ಗ

ಅಕ್ಕ, ಗುಡ್ಡ ಮೊದಲು. ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. ಕೋಟೆ ಬೆಳಿಗ್ಗೆ ಬೇಗ ತೆರೆಯುತ್ತದೆ, ಮ್ಯೂಸಿಯಂ ತೆರೆಯುವುದು ಹತ್ತರ ಮೇಲೆ. ನಮ್ಮೂರಿನ ಬಂಡೆಗಳ ಸ್ವಭಾವ ನಿಮಗೆ ಗೊತ್ತಲ್ಲ. ಹನ್ನೊಂದಾದ ಮೇಲೆ ಮೇಲಿಂದ ಬಿಸಿಲು, ಕೆಳಗಿಂದ ಕಾವು. ದಾವಣಗೆರೆಯಿಂದ ಅರವತ್ತು ಕಿಲೋಮೀಟರ್ ಚಿಲ್ಲರೆ, ಆರೂವರೆಗೆ ಮನೆ ಬಿಟ್ಟರೂ ಎಂಟಕ್ಕೆ ಬಾಗಿಲಲ್ಲಿ ಇರುತ್ತೀರಿ. ಮಗನಿಗೆ ಹದಿನೈದು ತುಂಬಿಲ್ಲವಲ್ಲ, ಟಿಕೆಟ್ ಬೇಕಿಲ್ಲ.

ಒಳಗೆ ಹೋದ ಮೇಲೆ ಓಡಬೇಡಿ. ಬಾಗಿಲು ದಾಟುವಾಗ ಮಗನಿಗೆ ಒಂದು ಕೆಲಸ ಕೊಡಿ. ಒಂದು ಬಾಗಿಲ ಮಧ್ಯೆ ನಿಂತು ಮುಂದಿನ ಬಾಗಿಲು ಕಾಣುತ್ತದಾ ನೋಡು ಅನ್ನಿ. ಕಾಣುವುದಿಲ್ಲ. ದಾರಿ ತಿರುಗಿ ತಿರುಗಿ ಹೋಗುತ್ತದೆ. ಆನೆ ಓಡಿ ಬಂದು ಗುದ್ದುವುದಕ್ಕೆ ನೇರ ಜಾಗವೇ ಸಿಗಬಾರದು ಅಂತ ಹಾಗೆ ಕಟ್ಟಿದ್ದು. ಮುತ್ತಿಗೆ ಹಾಕುವವನು ತಿರುವಿನಲ್ಲಿ ನಿಧಾನ ಮಾಡಲೇಬೇಕು, ಮೇಲೆ ಗೋಡೆಯ ಮೇಲಿದ್ದವನಿಗೆ ಅಷ್ಟು ಹೊತ್ತು ಸಾಕು.

ಆಮೇಲೆ ಸಿಡಿಮದ್ದು ಅರೆಯುವ ಗುಂಡಿ. ನಾಲ್ಕು ದೊಡ್ಡ ಬೀಸುವ ಕಲ್ಲು ಕೂತಿರುತ್ತವೆ. ಅಲ್ಲಿಯವರೆಗೆ ಅತ್ತೆಯವರು ಕೈ ಹಿಡಿದುಕೊಂಡು ಆರಾಮಾಗಿ ಬರಬಹುದು. ಮುಂದೆ ಹತ್ತೋದು ಜಾಸ್ತಿ.

ಮಂಡಕ್ಕಿ ಮಿರ್ಚಿ

ಮ್ಯೂಸಿಯಂ ಯಾಕೆ ಅಂತೀನಿ. ಮಕ್ಕಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗೋದು ಅಂದರೆ ಶಿಕ್ಷೆ ಕೊಟ್ಟ ಹಾಗೆ. ಮುಟ್ಟಬೇಡ, ಓಡಬೇಡ, ಕೂಗಬೇಡ. ಕೋಟೆಯಲ್ಲಿ ಇವು ಮೂರನ್ನೂ ಮಾಡಬಹುದು. ಅದೇ ಟೈಮಲ್ಲಿ ತುಪ್ಪದ ಕೊಳದ ಬತೇರಿ, ಅಂದರೆ ಬಂಡೆ ಮೇಲಿನ ಆ ಎತ್ತರದ ಬುರುಜು, ಹತ್ತಿಸಿ, ಹುಡುಗ ಜೀವನಪೂರ್ತಿ ನೆನಪಿಟ್ಟುಕೊಳ್ಳುತ್ತಾನೆ.

ನಿವೃತ್ತ ಮೇಷ್ಟ್ರು, ಹೊಳಲ್ಕೆರೆ ರಸ್ತೆ

ಮಂಡಕ್ಕಿಯವರೇ, ಬತೇರಿ ವಿಷಯ ಸ್ವಲ್ಪ ನೋಡಿಕೊಂಡು ಹೇಳಿ. ಅಲ್ಲಿ ಇರೋದು ಮೆಟ್ಟಿಲಲ್ಲ. ಬಂಡೆಯಲ್ಲಿ ಪಾದದ ತುದಿ ಇಡುವಷ್ಟು ಕಡಿದ ಕಚ್ಚು. ಹತ್ತುವಾಗ ಎಲ್ಲರೂ ಹುಲಿ. ಇಳಿಯುವಾಗ ಮಕ್ಕಳು ಅಲ್ಲೇ ಕೂತು ಅಳುವುದನ್ನು ನೋಡಿದ್ದೇನೆ. ದೊಡ್ಡವರು ಕೂಡ.

ತಂಗಿ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾನೂ ಗುಡ್ಡ ಮೊದಲು ಅಂತಲೇ ಹೇಳುವವನು. ಆದರೆ ಮ್ಯೂಸಿಯಂ ಬಿಡಬೇಡಿ, ಅದಕ್ಕೆ ಕಾರಣ ಇದೆ. ಏಳು ಸುತ್ತಿನ ಕೋಟೆ ಅಂತ ಎಲ್ಲರೂ ಹೇಳುತ್ತಾರೆ. ಮೇಲೆ ಹೋದ ಹುಡುಗರು ಎಣಿಸುತ್ತಾರೆ. ಒಂದು, ಎರಡು, ಮೂರು, ಅಲ್ಲಿಗೆ ನಿಲ್ಲುತ್ತದೆ. "ಸರ್, ಉಳಿದ ನಾಲ್ಕು ಎಲ್ಲಿ?" ಅಂತ ಕೇಳದ ಬ್ಯಾಚ್ ಇರಲಿಲ್ಲ. ಏಳರಲ್ಲಿ ಮೂರು ಸುತ್ತು ಗುಡ್ಡದ ಮೇಲೆ, ನಾಲ್ಕು ಸುತ್ತು ಕೆಳಗೆ ಬಯಲಿನಲ್ಲಿ. ಬಯಲಿನ ಸುತ್ತುಗಳ ಮೇಲೆ, ಪಕ್ಕದಲ್ಲಿ, ಒಳಗೆ ಊರು ಬೆಳೆದಿದೆ. ಯಾರದೋ ಮನೆಯ ಹಿತ್ತಲ ಗೋಡೆ ನೋಡಿದರೆ ಕೋಟೆ ಕಲ್ಲು ಇರುತ್ತದೆ.

ಸರ್ಕಾರಿ ವಸ್ತುಸಂಗ್ರಹಾಲಯ ಇರೋದು ರಂಗಯ್ಯನ ಬಾಗಿಲಲ್ಲಿ. ಆ ಬಾಗಿಲು ಆ ಕೆಳಗಿನ ಕೋಟೆಗೆ ಸೇರಿದ್ದು. ಅಂದರೆ ಮ್ಯೂಸಿಯಂಗೆ ಹೋಗುವುದೇ ಕೋಟೆ ನೋಡುವುದರ ಮುಂದುವರಿದ ಭಾಗ. ಟಿಕೆಟ್ ಕೌಂಟರ್ ಹತ್ತಿರ ಕೋಟೆ ಶುರುವಾಗುತ್ತದೆ ಅಂದುಕೊಂಡು ವಾಪಸ್ ಹೋದವರು ಮೂರು ಸುತ್ತಷ್ಟೇ ನೋಡಿದವರು.

ಮ್ಯೂಸಿಯಂಗೆ ಸೋಮವಾರ ರಜೆ. ನೀವು ಭಾನುವಾರ ಹೋಗುವುದರಿಂದ ತೊಂದರೆ ಇಲ್ಲ.

ಕಲ್ಲುಬಂಡೆ

ಮೇಷ್ಟ್ರು ಹೇಳಿದ್ದು ಸರಿಯಾಗಿದೆ. ನಾನು ಒಂದು ಮಾತು ಸೇರಿಸುತ್ತೇನೆ. ಇಡೀ ಕೋಟೆ ಬೇಡ ಅಂತೀರಲ್ಲ, ಹಾಗಿದ್ದರೆ ನೀರಿನ ದಾರಿ ಹಿಡಿದು ನಡೆಯಿರಿ. ಮೇಲೆ ಗೋಪಾಲಸ್ವಾಮಿ ಹೊಂಡ ಇದೆ. ಅದು ತುಂಬಿದರೆ ಕೋಡಿ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಹರಿದು ಊರೊಳಗಿನ ಸಿಹಿನೀರು ಹೊಂಡ, ಸಂತೆಹೊಂಡ. ಬಂಡೆ ಮೇಲೆ ಬಿದ್ದ ಮಳೆ ಸುಮ್ನೆ ಹರಿದು ಹೋಗಬಾರದು ಅಂತ ಒಂದರ ಕೆಳಗೆ ಒಂದು ಜೋಡಿಸಿದ ಕೆಲಸ. ಮಳೆ ಕಡಿಮೆ ಬೀಳುವ ಸೀಮೆ ನಮ್ಮದು. ದುರ್ಗ ಆಳಿದ ನಾಯಕರ ಕಾಲದಲ್ಲಿ ಇಷ್ಟು ಎತ್ತರದಲ್ಲಿ ಜನ, ಕುದುರೆ, ಆನೆ, ಸೈನ್ಯ ಎಲ್ಲಾ ಇದ್ದು ಬದುಕಿದ್ದು ಈ ಹೊಂಡಗಳಿಂದ. ತೋಪು ಕತ್ತಿ ಎಲ್ಲಾ ಆಮೇಲೆ. ಮುತ್ತಿಗೆ ತಿಂಗಳುಗಟ್ಟಲೆ ನಡೆದರೆ ಮೊದಲು ಸೋಲುವುದು ಬಾಯಾರಿದವನು.

ಈಗ ಮಳೆ ಮುಗಿದ ಹೊತ್ತು, ಹೊಂಡದಲ್ಲಿ ನೀರಿರುತ್ತದೆ. ಗೋಪಾಲಸ್ವಾಮಿ ಹೊಂಡದ ದಡದಲ್ಲಿ ಕೂತು ಬುತ್ತಿ ಬಿಚ್ಚಬಹುದು, ಕೋತಿ ಬಿಟ್ಟರೆ. ಪ್ಲಾಸ್ಟಿಕ್ ಕವರ್ ಸದ್ದಾದರೆ ಸಾಕು, ಎಲ್ಲಿದ್ದರೂ ಬರುತ್ತವೆ. ಬಟ್ಟೆ ಚೀಲ ಒಳ್ಳೆಯದು.

ದಾರಿಯಲ್ಲಿ ಬಂಡೆ ಮೇಲೆ ಸಾಲಾಗಿ ಚಿಕ್ಕ ಚಿಕ್ಕ ಚೌಕದ ಗುಳಿಗಳು ಕಾಣುತ್ತವೆ. ಬೆರಳು ಹಾಕಿ ನೋಡಿ. ಒಂದೇ ಗೆರೆಯಲ್ಲಿ, ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಇರುತ್ತವೆ. ಬೆಣೆ ಹೊಡೆದು ಕಲ್ಲು ಸೀಳಲು ಮಾಡಿದ್ದು. ಕೆಲವು ಕಡೆ ಅರ್ಧ ಸೀಳಿ ಬಿಟ್ಟ ಬಂಡೆಯೂ ಇದೆ. ಗುಳಿಯ ಒಂದು ಪಕ್ಕ ಮಾತ್ರ ಉಳಿದು, ಇನ್ನೊಂದು ಪಕ್ಕ ಯಾವುದೋ ಗೋಡೆಗೆ ಹೋಗಿದೆ. ಗೋಡೆ ಕಲ್ಲುಗಳ ಅಂಚಲ್ಲಿ ಅದೇ ಅರ್ಧ ಗುಳಿ ಹುಡುಕಿ. ನನಗೆ ಇಡೀ ಕೋಟೆಯಲ್ಲಿ ಬಹಳ ಇಷ್ಟವಾದದ್ದು ಇದು. ಅರಮನೆ, ದೇವಸ್ಥಾನ ಯಾರು ಕಟ್ಟಿಸಿದರು ಅಂತ ಹೆಸರು ಇರುತ್ತದೆ, ಗುಳಿ ಕೊರೆದವನ ಕೈ ಮಾತ್ರ ಇಲ್ಲಿ ಕಾಣುತ್ತದೆ.

ವಿದ್ಯಾನಗರದವಳು

ನೀರಿನ ದಾರಿ ತುಂಬಾ ಹಿಡಿಸಿತು. ಆದರೆ ಓಬವ್ವನ ಕಿಂಡಿ ಬಿಟ್ಟರೆ ಮಗ ನನ್ನ ಮೇಲೆ ಒನಕೆ ಎತ್ತುತ್ತಾನೆ. ಅದು ಈ ದಾರಿಯಲ್ಲಿ ಬರುತ್ತದಾ?

ಮ್ಯೂಸಿಯಂ ಒಳಗೆ ಏನೇನು ನೋಡಬೇಕು ಅಂತಲೂ ಯಾರಾದರೂ ಹೇಳಿ. ಮಂಡಕ್ಕಿಯವರು ಹೇಳಿದ ಶಿಕ್ಷೆ ಆಗಬಾರದು ನೋಡಿ.

ಬೆಳಗಿನ ವಾಕಿಂಗ್, ದುರ್ಗ

ಕಿಂಡಿಗೆ ಬೇರೆ ಕವಲು. ಅದನ್ನು ಮೊದಲು ಮುಗಿಸಿ ಆಮೇಲೆ ಹೊಂಡದ ಕಡೆ ಹೋಗಿ. ಅತ್ತೆಯವರು ಮದ್ದಿನ ಗುಂಡಿ ಹತ್ತಿರ ನೆರಳು ನೋಡಿ ಕೂರಲಿ, ನಮ್ಮಣ್ಣ ಜೊತೆಗಿರಲಿ, ನೀವಿಬ್ಬರು ಹೋಗಿ ಬನ್ನಿ.

ಒಂದು ಮುಂಚೆಯೇ ಹೇಳುತ್ತೇನೆ. ಕಿಂಡಿ ನೋಡಿದ ತಕ್ಷಣ ಮಕ್ಕಳಿಗೆ "ಇಷ್ಟೇನಾ?" ಅನಿಸುತ್ತದೆ. ಬಂಡೆಗಳ ನಡುವಿನ ಸಂದು ಅಷ್ಟೇ. ಬಗ್ಗಿ, ಮೈ ಓರೆ ಮಾಡಿ ನುಸುಳಿ ನೋಡಲಿ. ತಲೆ ಮೊದಲು ಹೊರಗೆ ಬರುತ್ತದೆ, ಕೈ ಇನ್ನೂ ಹಿಂದೆ ಇರುತ್ತದೆ. ಆಗ ಕಥೆ ಅರ್ಥವಾಗುತ್ತದೆ. ಆ ಭಂಗಿಯಲ್ಲಿ ಬಂದವನು ಕತ್ತಿ ಎತ್ತುವುದು ಹೇಗೆ?

ಪ್ರಶ್ನೆ ಮಾತ್ರ

ಓಬವ್ವ ನಿಜವಾಗಿ ಇದ್ದಳಾ? ಎಲ್ಲಾ ಕಥೆ ಅಂತಾರಲ್ಲ ಕೆಲವರು.

ನಿವೃತ್ತ ಮೇಷ್ಟ್ರು, ಹೊಳಲ್ಕೆರೆ ರಸ್ತೆ

ಈ ಪ್ರಶ್ನೆ ಬಂದರೆ ಚರ್ಚೆ ಬೇರೆ ಕಡೆ ಹೋಗುತ್ತದೆ, ಆದರೂ ಹೇಳುತ್ತೇನೆ. ಹೈದರಾಲಿ ದುರ್ಗವನ್ನು 1779ರಲ್ಲಿ ಹಿಡಿದ. ಅದು ಒಂದೇ ಏಟಿಗೆ ಆದದ್ದಲ್ಲ, ಹಿಂದೆಯೂ ಮುತ್ತಿಗೆ ಹಾಕಿ ವಾಪಸ್ ಹೋಗಿದ್ದ. ಕೊನೆಯ ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಇಷ್ಟು ಇತಿಹಾಸ. ಓಬವ್ವ ಕಹಳೆ ಊದುವ ಮುದ್ದ ಹನುಮನ ಹೆಂಡತಿ, ಗಂಡ ಊಟಕ್ಕೆ ಕೂತಾಗ ನೀರಿಗೆ ಬಂದವಳು, ಕಿಂಡಿಯಲ್ಲಿ ನುಸುಳುವ ಸೈನಿಕರನ್ನು ಕಂಡು ಒನಕೆ ಹಿಡಿದಳು, ಇದು ಊರಿನ ನೆನಪು. ಅರಮನೆಯ ದಾಖಲೆಯಲ್ಲಿ ಕಾವಲುಗಾರನ ಹೆಂಡತಿಯ ಹೆಸರು ಹುಡುಕಿದರೆ ಹೇಗೆ ಸಿಗುತ್ತದೆ? ದಾಖಲೆ ಬರೆಸಿದವರು ಯಾರು, ಯಾರಿಗಾಗಿ ಅಂತ ಯೋಚಿಸಿ. ಊರು ಇಷ್ಟು ಕಾಲ ಒಂದು ಹೆಸರು, ಅವಳ ಗಂಡನ ಕೆಲಸ, ಒಂದು ಜಾಗ, ಮೂರನ್ನೂ ಸೇರಿಸಿ ಇಟ್ಟುಕೊಂಡಿದೆ. ನಾನು ಅದನ್ನು ಹಗುರ ಮಾಡುವುದಿಲ್ಲ. ತಾಳೆಗರಿಗೆ ಕೊಡುವ ತೂಕ ಕೊಡುವುದೂ ಇಲ್ಲ. ಇಷ್ಟೇ ನನ್ನ ಲೆಕ್ಕ.

ಈಗ ಮ್ಯೂಸಿಯಂ. ತಂಗಿ, ಎಲ್ಲಾ ನೋಡಲು ಹೋಗಬೇಡಿ. ಎರಡು ಥರದ ವಸ್ತು ಸಾಕು.

ಒಂದು ವೀರಗಲ್ಲು. ಮಗನಿಗೆ ಕೆಳಗಿನಿಂದ ಮೇಲಕ್ಕೆ ಓದಲು ಹೇಳಿ. ಕೆಳಗಿನ ಪಟ್ಟಿಯಲ್ಲಿ ಜಗಳ, ಬಿಲ್ಲೋ ಕತ್ತಿಯೋ ಹಿಡಿದವರು, ಎಷ್ಟೋ ಸಲ ದನಗಳೂ ಇರುತ್ತವೆ. ತುರು ಕಾಯಲು ಹೋಗಿ ಸತ್ತವರು ಬಹಳ. ಮಧ್ಯದ ಪಟ್ಟಿಯಲ್ಲಿ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ಅಕ್ಷರ ಬಾರದವರೂ ಓದುವಂತೆ ಮಾಡಿದ ಕಲ್ಲು. ನಿಮ್ಮ ಮಗ ಎರಡು ನಿಮಿಷದಲ್ಲಿ ಓದುತ್ತಾನೆ, ಆಮೇಲೆ ಊರಲ್ಲಿ ಎಲ್ಲಿ ಕಂಡರೂ ಬಿಡುವುದಿಲ್ಲ. ನಮ್ಮ ಕಡೆ ಹಳ್ಳಿ ಹಳ್ಳಿಯಲ್ಲಿ ಇವೆ, ಹೊಲದ ಬದುವಿನಲ್ಲಿ ಒರಗಿಸಿಟ್ಟಿರುತ್ತಾರೆ.

ಎರಡು, ಮಡಕೆ ಚೂರು. ಇದನ್ನು ಯಾರೂ ನೋಡುವುದಿಲ್ಲ. ಎಲ್ಲರೂ ಕತ್ತಿ ಹತ್ತಿರ ನಿಂತು ಮುಂದೆ ಹೋಗುತ್ತಾರೆ. ನಮ್ಮ ಊರ ಪಕ್ಕದ ಚಂದ್ರವಳ್ಳಿಯಲ್ಲಿ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಗೆದಾಗ ಸಿಕ್ಕಿದ ವಸ್ತುಗಳಿಂದಲೇ ನಮ್ಮ ಜಿಲ್ಲೆಯ ಹಳೆಯ ಕಥೆ ಶುರುವಾಗುತ್ತದೆ, ನಾಯಕರಿಂದ ಅಲ್ಲ. ಶಾತವಾಹನರ ಕಾಲದ ಮಡಕೆಯಲ್ಲಿ ಒಂದು ಜಾತಿಗೆ ಕಂದುಗೆಂಪು ಲೇಪ, ಅದರ ಮೇಲೆ ಬಿಳಿ ಗೆರೆ. ಗೆರೆ ಅಡ್ಡ, ಉದ್ದ, ಓರೆ, ಒಂದನ್ನೊಂದು ದಾಟಿಕೊಂಡು ಹೋಗುತ್ತವೆ. ಕೈ ಸ್ವಲ್ಪ ನಡುಗಿದ ಜಾಗವೂ ತಿಳಿಯುತ್ತದೆ.

ಮಂಡಕ್ಕಿ ಮಿರ್ಚಿ

ಮೇಷ್ಟ್ರೇ, ಮಡಕೆ ಚೂರು ನೋಡಿ ಖುಷಿ ಪಡುವ ಐದನೇ ಕ್ಲಾಸಿನ ಹುಡುಗನನ್ನು ತೋರಿಸಿ, ನಾನೇ ಕೋಟೆ ಕೆಳಗೆ ಮಿರ್ಚಿ ಕೊಡಿಸುತ್ತೇನೆ.

ನಿವೃತ್ತ ಮೇಷ್ಟ್ರು, ಹೊಳಲ್ಕೆರೆ ರಸ್ತೆ

ಚೂರು ಸುಮ್ನೆ ತೋರಿಸಿದರೆ ಯಾರಿಗೂ ಖುಷಿ ಆಗುವುದಿಲ್ಲ ಮಾರಾಯ. ಹೀಗೆ ಹೇಳಬೇಕು. ಚಂದ್ರವಳ್ಳಿಯಲ್ಲಿ 1929ರ ಹೊತ್ತಿಗೆ ಮೈಸೂರಿನ ಪುರಾತತ್ವ ತಜ್ಞ ಎಂ.ಎಚ್. ಕೃಷ್ಣ ಅವರು ಅಗೆಸಿದರು. 1947ರಲ್ಲಿ ಬ್ರಿಟಿಷ್ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ, ಚಂದ್ರವಳ್ಳಿ ಎರಡೂ ಕಡೆ ಅಗೆಸಿದರು. ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯ, ಅವರ ಸಾಮಂತರಾದ ಮಹಾರಠಿಗಳ ಸೀಸದ ನಾಣ್ಯ ಸಿಕ್ಕವು. ಜೊತೆಗೆ ರೋಮ್ ದೇಶದ ಬೆಳ್ಳಿ ನಾಣ್ಯ. ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳದ್ದು. ಸಮುದ್ರ ದಾಟಿ ಬಂದ ನಾಣ್ಯ ನಮ್ಮ ದುರ್ಗದ ಗುಡ್ಡದ ಬುಡಕ್ಕೆ!

ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37. ಅವನ ನಾಣ್ಯ ಮಣ್ಣಿನ ಒಂದು ಪದರದಲ್ಲಿ ಸಿಕ್ಕರೆ ಆ ಪದರ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಅದೇ ಪದರದಲ್ಲಿ ಬಿಳಿ ಗೆರೆಯ ಮಡಕೆ ಸಿಕ್ಕಿತು ಅನ್ನಿ. ಮಡಕೆಯ ಮೇಲೆ ತಾರೀಖು ಇಲ್ಲ, ನಾಣ್ಯದ ಮೇಲೆ ರಾಜನ ಹೆಸರಿದೆ. ನಾಣ್ಯ ಮಡಕೆಯ ವಯಸ್ಸು ಹೇಳಿತು. ಆಮೇಲೆ ಇನ್ನೊಂದು ಊರಲ್ಲಿ ನಾಣ್ಯವೇ ಇಲ್ಲದೆ ಬರೀ ಆ ಮಡಕೆ ಸಿಕ್ಕರೂ ಆ ಜಾಗದ ವಯಸ್ಸು ಅಂದಾಜಾಯಿತು. ಐದನೇ ಕ್ಲಾಸಿನವರಿಗೆ ಇದು ಪತ್ತೇದಾರಿ ಕಥೆ. ಮಿರ್ಚಿ ರೆಡಿ ಮಾಡಿಕೊಳ್ಳಿ.

ಮಂಡಕ್ಕಿ ಮಿರ್ಚಿ

ಒಪ್ಪಿದೆ. ಮಂಡಕ್ಕಿ ಒಗ್ಗರಣೆ ಕೂಡ ನನ್ನದೇ.

ಬೆಂಗಳೂರಿಂದ ಊರಿಗೆ

ಈ ಚರ್ಚೆ ಓದಿ ಸಂತೋಷವಾಯಿತು. ನಾವು ಪ್ರತಿ ಸಲ ಹೈವೇಯಲ್ಲಿ ದುರ್ಗ ದಾಟುವಾಗ ಗುಡ್ಡದ ಮೇಲಿನ ಗಾಳಿಯಂತ್ರ ನೋಡಿ ಮುಂದೆ ಹೋಗುತ್ತೇವೆ. ಮೇಷ್ಟ್ರು ಚಂದ್ರವಳ್ಳಿ ಅಂದರು. ಅದಕ್ಕೂ ಅದೇ ದಿನ ಹೋಗಬಹುದಾ? ಕೋಟೆಗಿಂತ ಸುಲಭ ಅಂತ ಕೇಳಿದ್ದೇನೆ. ಮಂಡಿ ನೋವಿನವರಿಗೆ ಅದೇ ಒಳ್ಳೆಯದಲ್ವಾ?

ಬೆಳಗಿನ ವಾಕಿಂಗ್, ದುರ್ಗ

ಹೋಗಬಹುದು, ಊರಿನ ಪಕ್ಕದಲ್ಲೇ ಇದೆ. ಕೆರೆ ಇದೆ, ಮರ ಇದೆ, ನೆರಳಿದೆ. ವಯಸ್ಸಾದವರನ್ನು ಕೆರೆ ದಂಡೆಯಲ್ಲಿ ಕೂರಿಸಿ ಉಳಿದವರು ಅಂಕಲಿ ಮಠದ ಗುಹೆ ನೋಡಿ ಬರಬಹುದು. ಗುಹೆ ಒಳಗೆ ಕಗ್ಗತ್ತಲು. ಮೊಬೈಲ್ ಬೆಳಕು ಸಾಲುವುದಿಲ್ಲ, ಒಳ್ಳೆಯ ಟಾರ್ಚ್ ಇರಲಿ. ದಾರಿ ಗೊತ್ತಿರುವವರನ್ನು ಜೊತೆಗೆ ಕರೆದುಕೊಂಡೇ ಇಳಿಯಿರಿ, ಒಬ್ಬರೇ ಬೇಡ. ಕೋಣೆಯಿಂದ ಕೋಣೆಗೆ ಬಗ್ಗಿಕೊಂಡು ಹೋಗಬೇಕು. ಗೋಡೆ ಮೇಲೆ ಹಳೆಯ ಬಣ್ಣ ಇನ್ನೂ ಇದೆ. ಬೆಳಗಾವಿ ಕಡೆಯ ಅಂಕಲಗಿಯಿಂದ ಬಂದ ಸ್ವಾಮಿಗಳು ಇಲ್ಲಿ ತಪಸ್ಸು ಮಾಡಿದ್ದರಿಂದ ಅಂಕಲಿ ಮಠ ಅಂತ ಹೆಸರು ಬಂತು ಅನ್ನುತ್ತಾರೆ.

ಗೈಡ್ ದುಡ್ಡು ಮೊದಲೇ ಮಾತಾಡಿಕೊಳ್ಳಿ. ಒಬ್ಬರು ನನ್ನ ನೆಂಟರಿಗೆ ಗುಹೆಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇದೆ ಅಂತ ಹೇಳಿ ಅದಕ್ಕೂ ಸೇರಿಸಿ ದುಡ್ಡು ಕೇಳಿದ್ದರು. ಪ್ರತಿ ಕೋಟೆ ಊರಲ್ಲೂ ಇಂಥ ಒಂದು ಸುರಂಗ ಇದ್ದೇ ಇರುತ್ತದೆ ಬಿಡಿ.

ಕಲ್ಲುಬಂಡೆ

ಚಂದ್ರವಳ್ಳಿಗೆ ಹೋದರೆ ಭೈರವೇಶ್ವರ ಗುಡಿ ಹತ್ತಿರದ ಬಂಡೆ ಶಾಸನ ಬಿಡಬೇಡಿ. ಕದಂಬರ ಮಯೂರಶರ್ಮನದ್ದು, ನಾಲ್ಕನೇ ಶತಮಾನ. ಬನವಾಸಿ ಕದಂಬರ ಮೊದಲ ದೊರೆ. ಶಾಸನ ಪ್ರಾಕೃತದಲ್ಲಿದೆ, ಕೆರೆ ಕಟ್ಟಿಸಿದ ವಿಷಯ. ಅದಕ್ಕೇ ನಾನು ನೀರಿನ ದಾರಿ ಅಂದದ್ದು. ನಾಯಕರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮುಂಚೆ ಇದೇ ಗುಡ್ಡಗಳ ನಡುವೆ ಒಬ್ಬ ರಾಜ ಕಲ್ಲಿನ ಮೇಲೆ ಬರೆಸಿದ್ದು ಕೆರೆ ಬಗ್ಗೆ.

ಅಕ್ಷರ ನಮಗೆ ಓದಲು ಬರುವುದಿಲ್ಲ. ಆದರೂ ಬಂಡೆಯ ಮುಂದೆ ನಿಂತು ಒಂದೊಂದು ಅಕ್ಷರ ಎಷ್ಟು ದೊಡ್ಡದು, ಎಲ್ಲಿ ಸವೆದಿದೆ ನೋಡಿ. ಪಕ್ಕದ ಬಂಡೆಗಳ ಮೇಲೆ ಪ್ರೇಮಿಗಳ ಹೆಸರು ಇರುತ್ತದೆ, ಅದನ್ನು ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಬೇಜಾರು ಮಾಡಿಕೊಂಡರೂ ತಪ್ಪಿಲ್ಲ, ನಾನೂ ಮಾಡಿಕೊಳ್ಳುತ್ತೇನೆ.

ಬೆಂಗಳೂರಿನವರಿಗೆ ಇನ್ನೊಂದು. ದುರ್ಗದಿಂದ ಹಿರಿಯೂರು ಕಡೆ ಹೋಗುವಾಗ ಐಮಂಗಲದ ಹತ್ತಿರ ಮರಡಿಹಳ್ಳಿ ಇದೆ. ಅಲ್ಲಿ ನೀರಿನ ಅಡಿಯಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ದಿಂಬು ಪೇರಿಸಿದ ಹಾಗೆ ನಿಂತಿದೆ. ಸುಮಾರು 250 ಕೋಟಿ ವರ್ಷದ್ದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕೋಟೆಯ ಗ್ರಾನೈಟ್ ನೋಡಿದ ಕಣ್ಣಿಗೆ ಇದು ಬೇರೆಯೇ ಕಲ್ಲು ಅಂತ ತಕ್ಷಣ ತಿಳಿಯುತ್ತದೆ.

ವಿದ್ಯಾನಗರದವಳು

ಸರಿ, ಹೀಗೆ ಮಾಡುತ್ತೇವೆ. ಎಂಟಕ್ಕೆ ಕೋಟೆ. ಬಾಗಿಲುಗಳು, ಮದ್ದಿನ ಗುಂಡಿ, ಅತ್ತೆ ಅಲ್ಲಿ ವಿಶ್ರಾಂತಿ. ನಾನು, ಮಗ ಕಿಂಡಿ ನೋಡಿ, ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡದವರೆಗೆ ಹೋಗಿ ವಾಪಸ್. ಬತೇರಿ ಇಲ್ಲ. ಹನ್ನೊಂದಕ್ಕೆ ರಂಗಯ್ಯನ ಬಾಗಿಲು. ಊಟ. ಟೈಮ್ ಉಳಿದರೆ ಚಂದ್ರವಳ್ಳಿ ಕೆರೆ ಮತ್ತು ಶಾಸನ, ಗುಹೆ ಇನ್ನೊಂದು ಸಲಕ್ಕೆ.

ಊಟಕ್ಕೆ ಬೆಣ್ಣೆ ದೋಸೆ ಸಿಗುತ್ತದಾ ಅಂತ ನಮ್ಮವರು ಕೇಳುತ್ತಿದ್ದಾರೆ.

ಮಂಡಕ್ಕಿ ಮಿರ್ಚಿ

ದಾವಣಗೆರೆಯಿಂದ ದುರ್ಗಕ್ಕೆ ಬಂದು ಬೆಣ್ಣೆ ದೋಸೆ ಕೇಳುವವರನ್ನು ಇವತ್ತೇ ನೋಡಿದ್ದು. ಅಣ್ಣಾರಿಗೆ ಹೇಳಿ, ರಸ್ತೆ ಬದಿಯಲ್ಲಿ ಸೀತಾಫಲದ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ, ಅದನ್ನು ತಗೊಳ್ಳಲಿ. ನಮ್ಮ ಗುಡ್ಡದ ಹಣ್ಣು. ಕಣ್ಣು ಬಿಟ್ಟು ಗೆರೆ ಬೆಳ್ಳಗಾಗಿರುವುದನ್ನು ಆರಿಸಿ, ನಾಳೆ ನಾಡಿದ್ದರಲ್ಲಿ ಹಣ್ಣಾಗುತ್ತದೆ. ಪೂರ್ತಿ ಮೆತ್ತಗಿರುವುದು ಕಾರಿನಲ್ಲಿ ದಾವಣಗೆರೆ ಮುಟ್ಟುವುದರೊಳಗೆ ಪಾಯಸ ಆಗಿರುತ್ತದೆ.

ಪ್ರಶ್ನೆ ಮಾತ್ರ

ಇನ್ನೊಂದು ಕೇಳಲಾ? ಬ್ರಹ್ಮಗಿರಿ ಅಂದರಲ್ಲ, ಅದನ್ನೂ ಇದೇ ಟ್ರಿಪ್‌ನಲ್ಲಿ ಸೇರಿಸಿದರೆ?

ನಿವೃತ್ತ ಮೇಷ್ಟ್ರು, ಹೊಳಲ್ಕೆರೆ ರಸ್ತೆ

ಬೇಡ. ಅದು ಬಳ್ಳಾರಿ ಕಡೆಯ ದಾರಿ, ಅದಕ್ಕೇ ಒಂದು ದಿನ ಇಡಬೇಕು. ಅಲ್ಲಿ ಅಶೋಕನ ಶಾಸನ ಇದೆ, 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಇವೆ. ಬ್ರಹ್ಮಗಿರಿಯ ಶಾಸನ ಬರೆದವನ ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತಾನು ಲಿಪಿಕಾರ ಅನ್ನುವ ಪದವನ್ನು ಮಾತ್ರ ವಾಯವ್ಯ ಭಾರತದ ಕಡೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎರಡು ಲಿಪಿ ಬರುತ್ತದೆ ಅಂತ ತೋರಿಸಿಕೊಂಡನೋ ಏನೋ.

ಜಟಿಂಗ ರಾಮೇಶ್ವರಕ್ಕೆ ಬೆಟ್ಟ ಹತ್ತಬೇಕು, ಮಂಡಿ ನೋವಿನವರಿಗೆ ಅಲ್ಲ. ಹೋಗುವವರಿದ್ದರೆ ಬೇರೆ ಎಳೆ ಶುರು ಮಾಡಿ, ದಾರಿ ಬರೆಯುತ್ತೇನೆ. ತಂಗಿ, ಒಂದು ಮರೆತಿದ್ದೆ. ರಂಗಯ್ಯನ ಬಾಗಿಲ ಹತ್ತಿರ ಪೇಟೆ ರಸ್ತೆ ಇಕ್ಕಟ್ಟು. ಕಾರು ಕೋಟೆ ಹತ್ತಿರವೇ ಬಿಟ್ಟು ಅತ್ತೆಯವರ ಜೊತೆ ಆಟೋದಲ್ಲಿ ಬನ್ನಿ.